ಖಾಲಿ ಕುಳಿತ ಗಾಜಿನ ಗೂಡು

ನಾನು ಒಂದು ಗಾಜಿನ ಗೂಡು. ಹಕ್ಕಿ ಮೊಟ್ಟೆ ಇಡುವ ಗೂಡಲ್ಲ, ಗೋಡೆಯಲ್ಲಿ ದೀಪ ಇಡುವ ಗೂಡೂ ಅಲ್ಲ. ನನ್ನ ಎತ್ತರ ಒಂದು ಮೊಳ, ಬಾಯಗಲ ಒಂದು ಗೇಣು, ಆಕಾರ ಗುಡಿಯ ಗಂಟೆಯದು. ಆದರೆ ಗಂಟೆಗೆ ನಾಲಗೆಯಿದೆ, ನನಗಿಲ್ಲ. ಇದ್ದಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆಡಬೇಕಾಗಿದ್ದ ಒಂದೇ ಒಂದು ಮಾತನ್ನು ಅಂದೇ ಆಡಿ ಮುಗಿಸುತ್ತಿದ್ದೆ.

ನನ್ನ ಕೆಲಸ ಹೇಳಲು ಸುಲಭ. ಬೆಳೆದು ನಿಂತ ಗಿಡದ ತಲೆಯ ಮೇಲೆ ನನ್ನನ್ನು ಕವುಚಿ ಹಾಕುತ್ತಾರೆ. ಎಡಗಡೆಯ ಕೊಳವೆಯಿಂದ ಗಾಳಿ ಒಳಗೆ ಬರುತ್ತದೆ, ಬಲಗಡೆಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಬರುವಾಗ ಏನಿತ್ತು, ಹೋಗುವಾಗ ಏನುಳಿಯಿತು ಎಂದು ಒಂದು ಯಂತ್ರ ನೋಡುತ್ತದೆ. ಕಡಿಮೆಯಾಗಿದ್ದರೆ ಗಿಡ ತಿಂದಿದೆ, ಹೆಚ್ಚಾಗಿದ್ದರೆ ಗಿಡ ಬಿಟ್ಟಿದೆ. ಮದುವೆ ಮನೆಯ ಉಗ್ರಾಣದ ಬಾಗಿಲಲ್ಲಿ ಕುಳಿತು ಬುಂದೆಲಾಡು ಎಣಿಸುವ ಅಜ್ಜಿಯ ಕೆಲಸ ನನ್ನದು. ವ್ಯತ್ಯಾಸ ಇಷ್ಟೇ, ಆ ಅಜ್ಜಿ ತಾನೇ ಒಂದು ಬಾಯಿಗೆ ಹಾಕಿಕೊಂಡರೆ ಯಾರೂ ಕೇಳುವುದಿಲ್ಲ. ನಾನು ಹಾಗೆ ಮಾಡುವಂತಿಲ್ಲ.

ನನ್ನ ಹುಟ್ಟೂರು ಧಾರವಾಡ. ಕಾಲೇಜುಗಳ ಪ್ರಯೋಗಶಾಲೆಗೆ ಬೇಕಾದ ಗಾಜಿನ ಸಾಮಾನುಗಳನ್ನು ಊದಿ ಮಾಡುವ ಒಂದು ತಗಡಿನ ಶೆಡ್ಡು ಅಲ್ಲಿತ್ತು. ಊದುವವರು ಲಾಲಸಾಬ ಎಂಬ ಅರವತ್ತರ ಹತ್ತಿರದ ಮನುಷ್ಯ. ನೀಲಿ ಬೆಂಕಿಯ ಮುಂದೆ ಅವರ ಕೆನ್ನೆ ಉಬ್ಬಿದಂತೆಲ್ಲ ನನ್ನ ಹೊಟ್ಟೆಯೂ ಉಬ್ಬಿತು. ಮೂರು ಸಲ ಒಡೆದು ನಾಲ್ಕನೇ ಸಲಕ್ಕೆ ಹುಟ್ಟಿದವನು ನಾನು. ನನ್ನ ನೆತ್ತಿಯ ಮೇಲೆ ಸಾಸಿವೆಯಷ್ಟು ದೊಡ್ಡ ನೀಲಿ ಗಾಜಿನ ಮಣಿಯೊಂದನ್ನು ಅಂಟಿಸಿದರು. ತಮಗೆ ಮನಸ್ಸು ತುಂಬಿದ ಕೆಲಸಕ್ಕೆ ಮಾತ್ರ ಅವರು ಆ ಮಣಿ ಇಡುತ್ತಿದ್ದರಂತೆ. ಹಾಗಾಗಿ ನನಗೆ ಹುಟ್ಟಿನಿಂದಲೇ ಸ್ವಲ್ಪ ಜಂಬ.

ನನ್ನನ್ನು ಮಾಡಿಸಿದವಳು ಕಸ್ತೂರಿ ಬಳಿಗಾರ. ಮುಧೋಳದ ಬಳೆಗಾರರ ಮಗಳು, ಗಿಡಗಳ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಗಾಜನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳು ನನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿದ ರೀತಿ ನೋಡಿಯೇ ಲಾಲಸಾಬರ ಮುಖ ಅರಳಿತು.

"ನೋಡ ತಂಗಿ," ಎಂದರು ಅವರು. "ಗಾಜು ಸುಳ್ಳು ಹೇಳೂದಿಲ್ಲ. ಆದ್ರ ಗಾಜಿನ ಸಂಗಾಟ ಏನ ಇಡ್ತಿಯಲ್ಲ, ಅದು ಹೇಳ್ತೈತಿ. ಇದಕ್ಕ ಬ್ಯಾರೆ ಏನಾದ್ರೂ ಹಚ್ಚೂ ಮುಂದ ನನಗೊಂದು ಮಾತು ಕೇಳು."

"ಕೇಳ್ತೀನ್ರಿ ಕಾಕಾ," ಎಂದಳು ಕಸ್ತೂರಿ.

ಅವಳು ಏನನ್ನು ಹುಡುಕುತ್ತಿದ್ದಳು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಾಳಿಯಲ್ಲಿ ಗಂಧಕದ ಒಂದು ಅನಿಲವಿದೆ. ಪುಸ್ತಕದಲ್ಲಿ ಅದರ ಹೆಸರು ಕಾರ್ಬೊನಿಲ್ ಸಲ್ಫೈಡ್. ಸಮುದ್ರದಿಂದ ಏಳುತ್ತದೆ, ಜ್ವಾಲಾಮುಖಿಯಿಂದ ಬರುತ್ತದೆ, ಒಂದಿಷ್ಟು ಕಾರ್ಖಾನೆಗಳಿಂದಲೂ ಬರುತ್ತದೆ. ಎಷ್ಟಿದೆ ಎಂದರೆ, ಗಾಳಿಯ ಒಂದು ಲಕ್ಷ ಕೋಟಿ ಕಣಗಳನ್ನು ಎಣಿಸಿದರೆ ಅದರಲ್ಲಿ ಸುಮಾರು ಐನೂರು. ಇಷ್ಟು ಅಲ್ಪವಾದದ್ದನ್ನು ಯಾರು ಗಮನಿಸುತ್ತಾರೆ ಎಂದು ನನಗೂ ಅನ್ನಿಸಿತ್ತು. ಗಿಡಗಳು ಗಮನಿಸುತ್ತವೆ! ಎಲೆಯ ಮೈತುಂಬ ಕಣ್ಣಿಗೆ ಕಾಣದ ಪುಟ್ಟ ಬಾಯಿಗಳಿವೆ. ಊಟಕ್ಕೆ ಬೇಕಾದ ಇಂಗಾಲದ ಡೈ ಆಕ್ಸೈಡನ್ನು ಎಳೆದುಕೊಳ್ಳಲು ಅವು ತೆರೆದಾಗ ಈ ಗಂಧಕದ ಅನಿಲವೂ ಅದೇ ಬಾಗಿಲಿನಿಂದ ಒಳಗೆ ಹೋಗುತ್ತದೆ. ಇಂಗಾಲದ್ದು ಒಂದಿಷ್ಟು ಮತ್ತೆ ಹೊರಗೆ ಬರುತ್ತದೆ, ಗಿಡವೂ ಉಸಿರಾಡಬೇಕಲ್ಲ. ಗಂಧಕದ್ದು ಮಾತ್ರ ಒಳಗೆ ಹೋದರೆ ಹೋಯಿತು. ಎಲೆಯೊಳಗಿನ ಒಂದು ಕಿಣ್ವ ಅದನ್ನು ಅಲ್ಲೇ ಮುರಿದು ಹಾಕುತ್ತದೆ. ಆದ್ದರಿಂದ ಈ ಅನಿಲ ಎಷ್ಟು ಕಡಿಮೆಯಾಯಿತು ಎಂದು ನೋಡಿದರೆ ಗಿಡದ ಬಾಯಿಗಳು ಎಷ್ಟು ತೆರೆದಿದ್ದವು, ಅದು ಎಷ್ಟು ಉಂಡಿತು ಎಂದು ಅಂದಾಜು ಮಾಡಬಹುದು. ಬೇರೆ ಬೇರೆ ಕಡೆಯ ಗಿಡಗಳಲ್ಲಿ ಇದನ್ನು ಅಳೆದಿದ್ದರು. ನಮ್ಮ ಕಪ್ಪು ನೆಲದ ಬಿಳಿಜೋಳ ಎಷ್ಟು ನುಂಗುತ್ತದೆ ಎಂದು ಅಳೆಯಬೇಕೆಂಬುದು ಕಸ್ತೂರಿಯ ಆಸೆ.

ಅಷ್ಟು ಸೂಕ್ಷ್ಮವಾಗಿ ಅಳೆಯುವ ಯಂತ್ರ ಅವಳದಾಗಿರಲಿಲ್ಲ. ದೂರದ ಒಂದು ಸಂಶೋಧನಾ ಕೇಂದ್ರ ಒಂದು ಹಿಂಗಾರಿ ಹಂಗಾಮಿಗೆ ಮಾತ್ರ ಅದನ್ನು ಎರವಲು ಕೊಟ್ಟಿತ್ತು. ಸಂಕ್ರಾಂತಿ ಕಳೆದ ಮೂರನೇ ದಿನ ಅದು ವಾಪಸ್ ಹೋಗಬೇಕು. ಮತ್ತೆ ಸಿಗುವ ಮಾತೇ ಇಲ್ಲ. ಅಷ್ಟರೊಳಗೆ ಜೋಳದ ಗುಟ್ಟು ಹೊರಡದಿದ್ದರೆ ಅವಳ ನಾಲ್ಕು ವರ್ಷದ ಓದೆಲ್ಲ ನೀರಿನಲ್ಲಿ ಹೋಮ.

ಹೊರಡುವ ಮೊದಲು ಧಾರವಾಡದ ತಂಪು ಕೋಣೆಯಲ್ಲಿ ನನ್ನ ಪರೀಕ್ಷೆಯಾಯಿತು. ಅವಳಿಗೆ ಮಾರ್ಗದರ್ಶಕರಾಗಿದ್ದ ಡಾಕ್ಟರ್ ಅರವಿಂದ ಕಟ್ಟಿಯವರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಎದುರಿಗೆ ಕುಳಿತರು. ನನ್ನ ಬಾಯಿಯ ಅಂಚಿಗೆ ಗಾಳಿ ಸೋರದಂತೆ ಬಿಳಿಯ ಟೆಫ್ಲಾನ್ ಬಳೆಯೊಂದನ್ನು ತೊಡಿಸಿ, ಗಿಡದ ಕಾಂಡವನ್ನು ನಡುವೆ ಹಿಡಿಯಲೆಂದು ಎರಡು ಹೋಳಾಗಿ ಮಾಡಿದ ಗಾಜಿನ ತಟ್ಟೆಯಿಂದ ಕೆಳಗೆ ಮುಚ್ಚಿ, ಗಿಡವಿಲ್ಲದೆ ಬರೀ ಗಾಳಿ ಹಾಯಿಸಿದರು. ಇದನ್ನು ಖಾಲಿ ಗೂಡಿನ ಪರೀಕ್ಷೆ ಎನ್ನುತ್ತಾರೆ. ಒಳಗೆ ಬಂದದ್ದು ಎಷ್ಟೋ ಹೊರಗೆ ಹೋದದ್ದೂ ಅಷ್ಟೇ. ಕಟ್ಟಿ ಸರ್ ತಲೆದೂಗಿದರು. ನಾನು ಪಾಸಾಗಿದ್ದೆ.

ಗ್ರಹಚಾರ ಕಾದಿದ್ದದ್ದು ದಾರಿಯಲ್ಲಿ. ವಿಜಯಪುರದ ಆಚೆ ಡೋಣಿ ನದಿಯ ದಂಡೆಗೆ ಜೀಪು ಇಳಿಯುವಾಗ ಒಂದು ತಗ್ಗಿಗೆ ಚಕ್ರ ಬಿತ್ತು. ಹತ್ತಿಯಲ್ಲಿ ಸುತ್ತಿದ್ದ ನನಗೇನೂ ಆಗಲಿಲ್ಲ. ಪಕ್ಕದಲ್ಲಿದ್ದ ಬಿಳಿ ಬಳೆಯ ಮೇಲೆ ಕಬ್ಬಿಣದ ಸ್ಟ್ಯಾಂಡು ಬಿದ್ದು ಅದು ಎರಡು ತುಂಡಾಯಿತು. ಹೊಸದು ಬರಲು ಎರಡು ತಿಂಗಳು ಬೇಕೆಂದು ಅಂಗಡಿಯವರು ಫೋನಿನಲ್ಲಿ ಹೇಳಿದರು. ಲಾಲಸಾಬರಿಗೆ ಫೋನ್ ಮಾಡಿದರೆ ಅವರ ಸೊಸೆ ಎತ್ತಿದಳು. ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಎಂದು ಆಸ್ಪತ್ರೆಗೆ ಓಡಾಡುತ್ತಿದ್ದಾರೆ, ಸದ್ಯಕ್ಕೆ ಕೆಲಸದ ಮಾತು ಬೇಡ ಎಂದಳು.

ನಾವು ಇಳಿದದ್ದು ದಾನವ್ವ ಎಂಬ ಹಿರಿಯ ಹೆಣ್ಣುಮಗಳ ಹೊಲದಲ್ಲಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಅಲ್ಲಿಯವರು ಹೇಳುವುದು ಸುಳ್ಳಲ್ಲ. ಎರೆಮಣ್ಣು ಬಿರುಕು ಬಿಟ್ಟಿದ್ದರೂ ಜೋಳ ಎದೆಯುದ್ದ ನಿಂತಿತ್ತು. ಬೀಜ ದಾನವ್ವನ ಅತ್ತೆಯ ಕಾಲದಿಂದ ಮಡಕೆಯಲ್ಲಿ ಕಾಯ್ದುಕೊಂಡು ಬಂದದ್ದು. ಪಂಪ್‌ಸೆಟ್ಟಿನ ಕೋಣೆಯಲ್ಲಿ ಯಂತ್ರ ಇಡಲು ಜಾಗ ಕೊಟ್ಟವಳೂ ಅವಳೇ. ಕಸ್ತೂರಿ ಮುಖ ಸಣ್ಣದು ಮಾಡಿಕೊಂಡು ಕುಳಿತದ್ದನ್ನು ನೋಡಿ ಅವಳು ನನ್ನ ಬಾಯಿಯ ಮೇಲೆ ಗೇಣು ಹಾಕಿ ಅಳೆದಳು. ಮನೆಗೆ ಹೋಗಿ, ಪೊಟ್ಟಣ ಬಿಚ್ಚದ ಒಂದು ಕರಿಯ ಉಂಗುರ ತಂದಳು.

"ತಗೋ ತಂಗಿ. ನನ್ನ ಕುಕ್ಕರಿಗಂತ ತಂದಿಟ್ಟಿದ್ದೆ. ಇದಕ್ಕಿಂತ ಗಟ್ಟಿ ಯಾವುದು ಕೂಡ್ತೈತಿ?"

ಅದು ನನ್ನ ಅಂಚಿಗೆ ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಒಂದು ಎಳೆ ಗಾಳಿಯೂ ಸೋರಲಿಲ್ಲ. ಕಸ್ತೂರಿಯ ಕಣ್ಣಲ್ಲಿ ನೀರು ಬಂತು. "ಆಯಿ, ನೀವು ನನ್ನ ಪಾಲಿಗೆ ದೇವರು ಬಂದಂಗ ಬಂದ್ರಿ," ಎಂದಳು.

ದೇವರು ಬಂದದ್ದೇನೋ ನಿಜ. ಆದರೆ ಆ ಕರಿಯ ಉಂಗುರ ರಬ್ಬರಿನದು. ರಬ್ಬರನ್ನು ಗಟ್ಟಿ ಮಾಡಲು ಅದಕ್ಕೆ ಗಂಧಕ ಬೆರೆಸುತ್ತಾರೆ. ಬಿಸಿಲಿಗೆ ಕಾದರೆ ಆ ಗಂಧಕ ಸಣ್ಣಗೆ ಗಾಳಿಯಾಗಿ ಹೊರಡುತ್ತದೆ. ಅಡುಗೆ ಮನೆಯಲ್ಲಿ ಅದರಿಂದ ಯಾರಿಗೂ ಏನೂ ಇಲ್ಲ. ಲಕ್ಷ ಕೋಟಿಯಲ್ಲಿ ಐನೂರನ್ನು ಎಣಿಸಲು ಕುಳಿತವರಿಗೆ ಮಾತ್ರ ಅದು ಹೊಳೆಯ ಕಟ್ಟೆ ಒಡೆದ ಹಾಗೆ. ಮೊದಲ ಮಧ್ಯಾಹ್ನವೇ ನನಗೆ ಗೊತ್ತಾಯಿತು. ಉಂಗುರ ತೊಟ್ಟ ನನ್ನ ಕೊರಳಿನ ಸುತ್ತಲಿಂದಲೇ ಅನಿಲ ಏಳುತ್ತಿತ್ತು. ಹೇಳೋಣವೆಂದರೆ ನಾಲಗೆಯಿಲ್ಲ.

ಯಂತ್ರದ ಪರದೆಯ ಮೇಲೆ ದಿನವೂ ಒಂದೇ ಚಿತ್ರ. ಬೆಳಿಗ್ಗೆ ಗೆರೆ ಕೆಳಗಿರುತ್ತಿತ್ತು, ಬಿಸಿಲು ಏರಿದಂತೆ ಅದೂ ಏರುತ್ತ ಎರಡು ಗಂಟೆಯ ಹೊತ್ತಿಗೆ ಗುಡ್ಡದಂತೆ ನಿಲ್ಲುತ್ತಿತ್ತು. ಅಂದರೆ ಜೋಳ ಅನಿಲವನ್ನು ನುಂಗುತ್ತಿಲ್ಲ, ಉಗುಳುತ್ತಿದೆ! ಕಸ್ತೂರಿ ಗಿಡ ಬದಲಾಯಿಸಿದಳು. ನೀರು ಹಾಯಿಸಿ ನೋಡಿದಳು. ಸಾಲು ಬಿಟ್ಟು ಸಾಲಿಗೆ ಹೋದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಎಲ್ಲವನ್ನೂ ಅನುಮಾನಿಸಿದಳು, ನನ್ನನ್ನು ಬಿಟ್ಟು. ಅವಳ ಆ ನಂಬಿಕೆ ನನಗೆ ಚುಚ್ಚುತ್ತಿತ್ತು. ಸತ್ಯ ಹೇಳುತ್ತೇನೆ, ಆ ದಿನಗಳಲ್ಲಿ ನೆತ್ತಿಯ ಮೇಲಿನ ನೀಲಿ ಮಣಿ ನನಗೆ ಭಾರವಾಗಿತ್ತು.

ಡಿಸೆಂಬರಿನಲ್ಲಿ ಕಟ್ಟಿ ಸರ್ ಹೊಲಕ್ಕೆ ಬಂದರು. ಬದುವಿನ ಮೇಲೆ ಪೇಪರು ಹಾಸಿ ಕುಳಿತು ಒಂದೊಂದೇ ಚಿತ್ರ ನೋಡಿದರು.

"ಜಗತ್ತಿನ ಗಿಡಾ ಎಲ್ಲಾ ತೊಗೋತಾವ, ನಿನ್ನ ಜೋಳ ಒಂದ ಕೊಡ್ಲಿಕ್ಕತ್ತದ," ಎಂದರು. "ಇದು ದೊಡ್ಡ ಶೋಧ ಆಗಬೇಕು, ಇಲ್ಲಾ ದೊಡ್ಡ ಫಜೀತಿ ಆಗಬೇಕು. ಖಾಲಿ ಗೂಡು ನೋಡೀ ಇಲ್ಲೋ?"

"ನೋಡೀನ್ರಿ ಸರ್."

ಅವಳು ಹೇಳಿದ್ದು ಸುಳ್ಳಲ್ಲ. ನೋಡಿದ್ದಳು. ಧಾರವಾಡದಲ್ಲಿ, ನೆರಳಿನಲ್ಲಿ, ಬಿಳಿ ಬಳೆ ತೊಡಿಸಿ ನೋಡಿದ್ದಳು. ಯಾವಾಗ ನೋಡಿದೆ ಎಂದು ಅವರು ಕೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಬಳೆ ಒಡೆದದ್ದನ್ನು ಅವಳು ಅವರಿಗೆ ಹೇಳಿದ್ದಳು, ಬೇರೆ ಉಂಗುರ ಸಿಕ್ಕಿತು ಎಂದೂ ಹೇಳಿದ್ದಳು. ಸಿಕ್ಕಿತಲ್ಲ, ಸರಿ ಎಂದು ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದರು. ಕಟ್ಟಿ ಸರ್ ಎದ್ದು ಧೋತರದ ಮಣ್ಣು ಕೊಡವಿಕೊಂಡರು. "ಹಂಗಾದ್ರ ಇದನ್ನ ನಂಬಬೇಕಾಗ್ತದ. ಆದ್ರ ಮನಸ್ಸು ಒಪ್ಪವಲ್ದು," ಎಂದು ಹೇಳಿ ಹೊರಟುಹೋದರು.

ಸಾಹೇಬರು ಏನೆಂದರು ಎಂದು ದಾನವ್ವ ಕೇಳಿದಳು. ಕಸ್ತೂರಿ ಇದ್ದದ್ದನ್ನು ಇದ್ದಂತೆ ಹೇಳಿದಳು. "ಜ್ವಾಳ ಆ ಕೆಟ್ಟ ಗಾಳಿ ಒಳಗ ತಗೋಬೇಕಿತ್ರಿ ಆಯಿ. ನಿಮ್ಮದು ಹೊರಗ ಬಿಡಾಕತ್ತೈತಿ."

ದಾನವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. "ನನ್ನ ಜ್ವಾಳ? ನಮ್ಮತ್ತಿ ಕೊಟ್ಟ ಬೀಜ ತಂಗಿ ಅದು. ಮೂರು ತಲಿ ಉಂಡೈತಿ ಇದನ್ನ. ಕೆಟ್ಟದ್ದು ಬಿಡೂ ಜಾತಿ ಅಲ್ಲ. ನಿನ್ನ ಮಷೀನೇ ಕೆಟ್ಟೈತಿ."

"ಮಷೀನ್ ಸರಿ ಐತ್ರಿ ಆಯಿ."

"ಹಂಗಾರ ನಿನ್ನ ಗಾಜು ಕೆಟ್ಟೈತಿ."

ಕಸ್ತೂರಿ ನಕ್ಕುಬಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ತಪ್ಪು ನನ್ನ ಕೊರಳಿನಲ್ಲಿ, ಅಪವಾದ ಜೋಳದ ತಲೆಯ ಮೇಲೆ. ಅದನ್ನು ಸರಿಯಾಗಿ ಹೇಳಿದ್ದು ಯಂತ್ರದ ಹೆಸರೂ ಗೊತ್ತಿಲ್ಲದ ದಾನವ್ವ ಒಬ್ಬಳೇ. ಅಂದಿನಿಂದ ಅವಳು ನನ್ನ ಹತ್ತಿರ ಹಾಯುವಾಗಲೆಲ್ಲ ಒಂದು ಕೆಟ್ಟ ನೋಟ ಬೀರಿ ಹೋಗುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು, ಆದರೆ ನನಗೆ ಹೆಗಲೂ ಇರಲಿಲ್ಲ.

ಎಳ್ಳ ಅಮಾವಾಸ್ಯೆ ಬಂದಾಗ ಯಂತ್ರ ಹೊರಡಲು ಹದಿನಾಲ್ಕು ದಿನ ಉಳಿದಿತ್ತು. ಆ ಸೀಮೆಯಲ್ಲಿ ಅಂದು ಯಾರ ಮನೆಯಲ್ಲೂ ಊಟವಿಲ್ಲ, ಎಲ್ಲರ ಊಟವೂ ಹೊಲದಲ್ಲೇ. ತೆನೆ ಹೊತ್ತ ಭೂಮಿ ತಾಯಿ ಬಸುರಿ ಎಂದು, ಅವಳ ಬಯಕೆ ತೀರಿಸಲು ಸಜ್ಜೆ ಕಡಬು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ ಎಲ್ಲ ಮಾಡಿಕೊಂಡು ಬುಟ್ಟಿ ಹೊತ್ತು ಬರುತ್ತಾರೆ. ಪೂಜೆಯಾದ ಮೇಲೆ ಆ ಅಡುಗೆಯನ್ನು ಹೊಲದ ತುಂಬ ಚೆಲ್ಲುತ್ತ ಹೋಗುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎಂದು ಹೆಸರು.

ಇಳಕಲ್ ಸೀರೆ ಉಟ್ಟು ಬಂದ ದಾನವ್ವ ಬುಟ್ಟಿ ಇಳಿಸುವ ಮೊದಲೇ ನನ್ನ ಕಡೆ ಬೆರಳು ತೋರಿಸಿದಳು.

"ಮೊದಲ ಅದನ್ನ ತಗೀ. ಎಲ್ಲಾರೂ ಉಣ್ಣೂ ದಿನ ಒಂದು ಗಿಡದ ಬಾಯಿ ಮುಚ್ಚಿ ಕುಂದರಸ್ತಾರೇನು?"

"ಆಯಿ, ಉಳದದ್ದು ಹದಿನಾಕ ದಿನ ರೀ. ಇವತ್ತೊಂದು ದಿನ ಹೋದ್ರ..."

"ಹೋಗಲಿ. ಬಸುರಿ ಉಣ್ಣೂ ಮುಂದ ಬಾಯಿಗೆ ಅರಬಿ ಕಟ್ಟಿದ ಪಾಪ ನಿನಗೂ ಬ್ಯಾಡ, ನನಗೂ ಬ್ಯಾಡ."

ದಾನವ್ವನ ಎದುರು ವಿಜ್ಞಾನ ನಡೆಯಲಿಲ್ಲ. ಕಸ್ತೂರಿ ನನ್ನನ್ನು ಗಿಡದಿಂದ ಬಿಡಿಸಿ, ಬಿಸಿಲಿನಲ್ಲಿದ್ದ ಸ್ಟ್ಯಾಂಡಿನ ಮೇಲೆ ಬಾಯಿ ಮೇಲೆ ಮಾಡಿ ಕೂರಿಸಿ, ಧೂಳು ಹೋಗದಂತೆ ಬಾಯಿಗೆ ತಟ್ಟೆ ಮುಚ್ಚಿದಳು. ಯಂತ್ರವನ್ನು ಆರಿಸಲಿಲ್ಲ. ಒಮ್ಮೆ ಆರಿಸಿದರೆ ಅದು ಮತ್ತೆ ಹದಕ್ಕೆ ಬರಲು ಅರ್ಧ ದಿನ ಬೇಕು. ಕೊಳವೆಗಳನ್ನೂ ಬಿಚ್ಚಲಿಲ್ಲ. ಗಾಳಿ ನನ್ನೊಳಗೆ ಬಂದು ಹೋಗುತ್ತಲೇ ಇತ್ತು.

ಚರಗ ಚೆಲ್ಲುತ್ತ ಬಂದ ದಾನವ್ವ ನನ್ನ ಮುಂದೆ ನಿಂತಳು. ಹಬ್ಬದ ದಿನ ಸಿಟ್ಟು ಇಟ್ಟುಕೊಳ್ಳಬಾರದು ಎಂದುಕೊಂಡಳೋ ಏನೋ, ಒಂದು ಕಡಬಿನ ಚೂರು ತೆಗೆದು ನನ್ನೊಳಗೆ ಇಡಲು ತಟ್ಟೆ ಎತ್ತಹೋದಳು. ಕಸ್ತೂರಿ ಎದ್ದು ಬಿದ್ದು ಓಡಿ ಬಂದಳು.

"ಬ್ಯಾಡ ಆಯಿ, ಅದರಾಗ ಏನೂ ಇಡಬ್ಯಾಡ್ರಿ! ಎಣ್ಣಿ ಹತ್ತಿದ್ರ ತೊಳ್ಯಾಕ ಆಗೂದಿಲ್ಲ."

"ಪಾಪ, ಇವತ್ತೂ ಉಪವಾಸ ಕೆಡವತಾಳ," ಎಂದು ನನಗೆ ಕೇಳುವಂತೆ ಹೇಳಿ ದಾನವ್ವ ಮುಂದಕ್ಕೆ ಹೋದಳು.

ಹಾಗೆ ನಾನು ಆ ಬೆಳಿಗ್ಗೆಯಿಂದ ಸಂಜೆಯವರೆಗೆ ಖಾಲಿ ಹೊಟ್ಟೆಯಲ್ಲಿ ಕುಳಿತೆ. ದೂರದಲ್ಲಿ ಜನ ನಗುತ್ತ ಉಣ್ಣುತ್ತಿದ್ದರು. ಕೊರಳಿನ ಕರಿಯ ಉಂಗುರ ಬಿಸಿಲಿಗೆ ಕಾಯುತ್ತಿತ್ತು. ನನಗೆ ಇದ್ದಕ್ಕಿದ್ದಂತೆ ಒಂದು ವಿಷಯ ಹೊಳೆಯಿತು. ಇಂದು ನನ್ನೊಳಗೆ ಗಿಡವಿಲ್ಲ. ಇಂದು ತಪ್ಪು ಹೊರಿಸಲು ಯಾರೂ ಇಲ್ಲ. ಬಿಸಿಲೇ, ಇನ್ನೂ ಸ್ವಲ್ಪ ಏರು ಎಂದು ಬೇಡಿಕೊಂಡೆ. ನನ್ನ ಮರ್ಯಾದೆ ಹೋದರೆ ಹೋಗಲಿ ಎಂದು ಅಂದೇ ಮೊದಲು ನನಗೆ ಅನ್ನಿಸಿದ್ದು.

ಮರುದಿನ ಬೆಳಿಗ್ಗೆ ಕಸ್ತೂರಿ ಪಂಪ್‌ಸೆಟ್ಟಿನ ಕೋಣೆಯಲ್ಲಿ ಪರದೆ ತೆರೆದಳು. ಹಿಂದಿನ ದಿನದ ಗೆರೆಯನ್ನು ಅಳಿಸಿಬಿಡೋಣವೆಂದು ಕೈ ಎತ್ತಿದವಳು ಅಲ್ಲೇ ನಿಂತಳು. ಅದೇ ಗುಡ್ಡ! ಬೆಳಿಗ್ಗೆ ಸುಮ್ಮನಿದ್ದು, ಎರಡು ಗಂಟೆಗೆ ತುದಿ ಮುಟ್ಟಿ, ಸಂಜೆ ಇಳಿದ ಅದೇ ಗುಡ್ಡ. ಮೊದಲಿಗಿಂತ ತುಸು ಎತ್ತರವೇ ಇತ್ತು. ಗಿಡವೇ ಇಲ್ಲದ ದಿನ ಉಗುಳಿದ್ದು ಯಾರು?

ಅವಳು ಹೊರಗೆ ಬಂದು ನನ್ನ ಎದುರು ಮಣ್ಣಿನಲ್ಲೇ ಕುಕ್ಕರಿಸಿದಳು. ನನ್ನನ್ನು ನೋಡಿದಳು. ಆಮೇಲೆ ನನ್ನ ಕೊರಳನ್ನು ನೋಡಿದಳು. ಉಂಗುರವನ್ನು ಬಿಚ್ಚಿ ಮೂಸಿದಳು. ಮತ್ತೆ ತೊಡಿಸಿ ನೆರಳಿನಲ್ಲಿಟ್ಟು ನೋಡಿದಳು, ಗೆರೆ ಮಲಗಿತು. ಬಿಸಿಲಿಗಿಟ್ಟಳು, ಗೆರೆ ಎದ್ದಿತು. ಅಷ್ಟಾದ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎರಡು ತಿಂಗಳ ಅಳತೆಯೆಲ್ಲ ಮಣ್ಣುಪಾಲಾಗಿತ್ತು. ಆದರೂ ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಕಟ್ಟಿ ಸರ್‌ಗೆ ಫೋನಿನಲ್ಲಿ ಅವಳು ಒಂದನ್ನೂ ಮುಚ್ಚಿಡಲಿಲ್ಲ.

"ತಪ್ಪು ನಿಂದೊಂದ ಅಲ್ಲವ್ವಾ," ಎಂದರು ಅವರು. "ಖಾಲಿ ಗೂಡು ನೋಡೀ ಅಂತ ಕೇಳಿದೆ, ಯಾವಾಗ ನೋಡೀ ಅಂತ ಕೇಳಲಿಲ್ಲ. ಅರ್ಧಾ ಪ್ರಶ್ನಿ ಕೇಳಿದ್ರ ಅರ್ಧಾ ಉತ್ತರನ ಸಿಗ್ತದ. ಈಗ ಏನ ಮಾಡ್ತಿ?"

"ಲಾಲಸಾಬ ಕಾಕಾಗ ಕೇಳ್ತೀನ್ರಿ."

ಕೇಳಿದ್ದು ತಡವಾಗಿತ್ತು, ಆದರೂ ಕೇಳಿದಳು. ಮೂರನೇ ದಿನ ಮಧ್ಯಾಹ್ನ ಬಸ್ಸಿನಿಂದ ಇಳಿದ ಲಾಲಸಾಬರ ಕಣ್ಣಿಗೆ ಆಪರೇಷನ್ ಆದವರು ಹಾಕಿಕೊಳ್ಳುವ ದೊಡ್ಡ ಕಪ್ಪು ಕನ್ನಡಕವಿತ್ತು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಗಾಜು ತೀಡುವ ಎಮರಿ ಪುಡಿ. ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊದಲು ನೆತ್ತಿಯ ಮಣಿಯನ್ನು ಮುಟ್ಟಿ ನೋಡಿದರು. ಆಮೇಲೆ ಕುಕ್ಕರಿನ ಉಂಗುರವನ್ನು ಕಿತ್ತು ಬದುವಿನ ಮೇಲೆ ಎಸೆದರು.

"ಸಿಟ್ಟಾಗಬ್ಯಾಡ್ರಿ ಕಾಕಾ. ನಿಮಗೊಂದು ಮಾತು ಕೇಳಬೇಕಿತ್ತು."

"ಸಿಟ್ಟೇನಿಲ್ಲ ತಂಗಿ. ನಾನೂ ಬಳಿ ಮ್ಯಾಲೆ ಭರೋಸಾ ಇಟ್ಟು ಬಾಯಿ ತೀಡೂದು ಬಿಟ್ಟಿದ್ದೆ. ಬಾಯಿಗೆ ಬಾಯಿ ಸರಿ ಕೂತ್ರ ನಡುವ ಬಳಿ ಯಾಕ ಬೇಕು?"

ನನ್ನ ಅಂಚನ್ನು ಗಾಜಿನ ತಟ್ಟೆಯ ಮೇಲೆ ಕೂರಿಸಿ, ನಡುವೆ ನೀರು ಮತ್ತು ಪುಡಿ ಹಾಕಿ, ದುಂಡಗೆ ತೀಡಲು ಶುರು ಮಾಡಿದರು. ಬೀಸುಕಲ್ಲಿನ ಸದ್ದಿಗಿಂತ ಸಣ್ಣ ಸದ್ದು. ಎರಡು ದಿನ ತೀಡಿದರು. ಕಣ್ಣಿಗೆ ಶ್ರಮ ಕೊಡಬೇಡಿ ಎಂದು ಕಸ್ತೂರಿ ಬೇಡಿಕೊಂಡರೆ, "ಇದಕ್ಕ ಕಣ್ಣು ಬ್ಯಾಡ, ಬೆರಳು ಸಾಕು," ಎಂದರು. ಅಂಚಿನ ಮೇಲೆ ಉಗುರು ಆಡಿಸಿ, ಎಲ್ಲಿ ತೊಡಕಿತೋ ಅಲ್ಲಿ ಮತ್ತೆ ತೀಡಿದರು. ನೋವಾಯಿತೇ ಎಂದು ಕೇಳಬೇಡಿ. ಆಯಿತು, ಆದರೆ ಅದು ಬೇಕಾಗಿದ್ದ ನೋವು.

ದಾನವ್ವ ರೊಟ್ಟಿಯ ಗಂಟು ತಂದು ಲಾಲಸಾಬರ ಮುಂದಿಟ್ಟಳು. ಬದುವಿನ ಮೇಲೆ ಬಿದ್ದಿದ್ದ ಉಂಗುರ ಅವಳ ಕಣ್ಣಿಗೆ ಬಿತ್ತು. ಕಸ್ತೂರಿ ತಡೆದು ತಡೆದು ನಡೆದದ್ದನ್ನು ಹೇಳಿದಳು. ಮುದುಕಿಗೆ ಬೇಜಾರಾಗುತ್ತದೆ ಎಂದು ಅವಳು ಅಂಜಿದ್ದಳು. ದಾನವ್ವ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು.

"ಅಯ್ಯ ನನ ಶಿವನ! ನನ್ನ ಕುಕ್ಕರ ನನ್ನ ಜ್ವಾಳಕ್ಕ ಕೆಟ್ಟ ಹೆಸರು ತಂತಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಉಂಗುರವನ್ನು ಸೆರಗಿನಿಂದ ಒರೆಸಿಕೊಂಡಳು. "ಇರಲಿ, ಬ್ಯಾಳಿ ಕುದಸಾಕ ಬರ್ತೈತಿ."

ಯಂತ್ರ ಹೋಗಲು ಎಂಟು ದಿನ ಉಳಿದಿತ್ತು. ಈ ಸಲ ಕಸ್ತೂರಿ ಮೊದಲು ನನ್ನನ್ನು ಖಾಲಿ ಕೂರಿಸಿದಳು, ಅದೇ ಹೊಲದಲ್ಲಿ, ಅದೇ ಉರಿಬಿಸಿಲಿನಲ್ಲಿ, ಇಡೀ ಒಂದು ದಿನ. ಒಳಗೆ ನಾನೂರ ತೊಂಬತ್ತಾರು, ಹೊರಗೆ ನಾನೂರ ತೊಂಬತ್ತಾರು. ಗೆರೆ ಕೆರೆಯ ನೀರಿನಂತೆ ಮಟ್ಟಸವಾಗಿ ಮಲಗಿತ್ತು. ಮರುದಿನ ಬೆಳಿಗ್ಗೆ ನನ್ನನ್ನು ಜೋಳದ ತಲೆಯ ಮೇಲೆ ಇಳಿಸಿದಳು. ಲಾಲಸಾಬರು ಊರಿಗೆ ಹೋಗುವ ಬಸ್ಸು ಬಿಟ್ಟು ಕುಳಿತರು. ದಾನವ್ವ ಕಳೆ ಕೀಳುವುದನ್ನು ನಿಲ್ಲಿಸಿ ಬಂದು ಕೋಣೆಯ ಬಾಗಿಲಲ್ಲಿ ನಿಂತಳು.

ಸೂರ್ಯ ಎಲೆಯ ಮೇಲೆ ಬಿದ್ದ. ನನ್ನೊಳಗಿನ ಎಲೆಗಳಲ್ಲಿ ಸಾವಿರಾರು ಪುಟ್ಟ ಬಾಯಿಗಳು ತೆರೆದವು. ಅದನ್ನು ನಾನು ಮೊದಲೂ ಕಂಡಿದ್ದೆ, ಆದರೆ ನನ್ನ ಕೊರಳ ಹೊಗೆಯಲ್ಲಿ 'ಗಿಡ ಉಣ್ಣುತ್ತಿದೆ' ಎಂದು ತೋರಿಸಲು ಆಗಿರಲಿಲ್ಲ. ಹೊರಗೆ ಹೋಗುವ ಗಾಳಿಯಲ್ಲಿ ಅಂಕಿ ಇಳಿಯತೊಡಗಿತು. ನಾನೂರ ಎಂಬತ್ತು. ನಾನೂರ ಐವತ್ತು. ಹನ್ನೊಂದು ಗಂಟೆಗೆ ನಾನೂರ ಹನ್ನೊಂದು.

"ಇಳೀತೇನು?" ಎಂದಳು ದಾನವ್ವ.

"ಇಳೀತ್ರಿ ಆಯಿ. ನುಂಗಾಕತ್ತೈತಿ. ನಿಮ್ಮ ಜ್ವಾಳ ನುಂಗಾಕತ್ತೈತಿ!"

"ಮತ್ತ ನಾ ಏನ ಹೇಳಿದ್ದೆ?" ಎಂದು ದಾನವ್ವ ಕಳೆ ಕೀಳಲು ವಾಪಸ್ ಹೋದಳು. ಹೋಗುವಾಗ ಮೂಗು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಉಳಿದ ಏಳು ದಿನ ಕಸ್ತೂರಿ ಹೊಲ ಬಿಟ್ಟು ಕದಲಲಿಲ್ಲ. ಸಂಕ್ರಾಂತಿಯ ಎಳ್ಳನ್ನೂ ಯಂತ್ರದ ಮುಂದೆಯೇ ತಿಂದಳು. ಎರಡು ತಿಂಗಳಲ್ಲಿ ಆಗದ ಕೆಲಸ ಏಳು ದಿನದಲ್ಲಿ ಆಯಿತು ಎಂದರೆ ಸುಳ್ಳಾದೀತು. ಅವಳು ಅಂದುಕೊಂಡಿದ್ದರಲ್ಲಿ ಕಾಲುಭಾಗವೂ ಆಗಲಿಲ್ಲ. ಆದರೆ ಆದಷ್ಟು ಗಟ್ಟಿಯಾಗಿತ್ತು. ಪ್ರಬಂಧ ಬರೆಯುವಾಗ ಕುಕ್ಕರಿನ ಉಂಗುರಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಳು. ಇಂಥದ್ದನ್ನು ಯಾರಾದರೂ ಬರೆಯುತ್ತಾರೆಯೇ ಎಂದು ಪರೀಕ್ಷಕರೊಬ್ಬರು ಹುಬ್ಬೇರಿಸಿದರಂತೆ. ಮಾಡಿದವರು ಬರೆಯದಿದ್ದರೆ ಮುಂದೆ ಮಾಡುವವರಿಗೆ ಗೊತ್ತಾಗುವುದು ಹೇಗೆ ಎಂದು ಅವಳು ಕೇಳಿದಳಂತೆ. ಪದವಿ ಬಂತು.

ಆಮೇಲೆ ನಾನು ಹಲವು ಕೈ ಕಂಡೆ. ಕಟ್ಟಿ ಸರ್ ಅವರ ಇನ್ನೊಬ್ಬ ವಿದ್ಯಾರ್ಥಿ ನನ್ನನ್ನು ಕುಸುಬೆಯ ಹೊಲಕ್ಕೆ ಒಯ್ದ, ಮುಳ್ಳು ಚುಚ್ಚಿಸಿಕೊಂಡು ಬೈದ. ಒಬ್ಬರು ಬೇವಿನ ರೆಂಬೆಗೆ ಕಟ್ಟಿ ನೇತಾಡಿಸಿದರು. ಹೋದಲ್ಲೆಲ್ಲ ಎಲೆಗಳು ನುಂಗುವುದನ್ನು ನೋಡಿದೆ. ಯಾರೂ ಹೇಳದೆ, ಯಾರಿಗೂ ಕಾಣದೆ, ಇಡೀ ನೆಲದ ಹಸಿರು ಹಗಲೆಲ್ಲ ಆಕಾಶವನ್ನು ಹೀಗೆ ಶೋಧಿಸುತ್ತ ನಿಂತಿದೆ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಎಂಟನೇ ವರ್ಷ ಒಬ್ಬರ ಕೈತಪ್ಪಿ ಬಿದ್ದೆ. ಕೊರಳಿನಿಂದ ಹೊಟ್ಟೆಯವರೆಗೆ ಕೂದಲೆಳೆಯ ಬಿರುಕು ಬಿಟ್ಟಿತು. ಲಾಲಸಾಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಬೆಸೆಯುವವರು ಸಿಗಲಿಲ್ಲ. ಒಡಕು ಗಾಜಿನ ಬುಟ್ಟಿಗೆ ಹೋಗಬೇಕಾದವನನ್ನು ಕಸ್ತೂರಿ ಬಂದು ಎತ್ತಿಕೊಂಡು ಹೋದಳು.

ಅವಳು ಈಗ ವಿಜಯಪುರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನನ್ನ ಜಾಗ ಪ್ರಯೋಗಶಾಲೆಯ ಕಿಟಕಿಯ ಕಟ್ಟೆ. ಹೊಸ ಗಾಜಿನ ಗೂಡುಗಳು ಎದುರಿನ ಕಪಾಟಿನಲ್ಲಿವೆ, ಅಂಚು ತೀಡಿದವು, ಬಳೆ ಬೇಡದವು. ಯಾರು ಬಂದು ಗಿಡ ಅಳೆಯುತ್ತೇವೆ ಎಂದರೂ ಅವಳು ಮೊದಲು ಎರಡು ಪ್ರಶ್ನೆ ಕೇಳುತ್ತಾಳೆ. ಖಾಲಿ ಗೂಡು ನೋಡಿದಿರಾ? ಯಾವಾಗ ನೋಡಿದಿರಿ? ಕೇಳುವಾಗ ಅವಳ ಕಣ್ಣು ಒಮ್ಮೆ ನನ್ನ ಕಡೆ ಬರುತ್ತದೆ.

ವರ್ಷಕ್ಕೊಮ್ಮೆ ನನಗೆ ಹೊರಗೆ ಹೋಗುವ ಭಾಗ್ಯವೂ ಉಂಟು. ಎಳ್ಳ ಅಮಾವಾಸ್ಯೆಯ ದಿನ ಕಸ್ತೂರಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಡೋಣಿಯ ದಂಡೆಗೆ ಹೋಗುತ್ತಾಳೆ, ಹಳೆಯ ಸ್ಟ್ಯಾಂಡಿನ ಮೇಲೆ ಬಾಯಿ ಮೇಲೆ ಮಾಡಿ ಕೂರಿಸಿ ತಟ್ಟೆ ಮುಚ್ಚುತ್ತಾಳೆ. ದಾನವ್ವನ ಬೆನ್ನು ಈಗ ಬಾಗಿದೆ, ಆದರೆ ಬುಟ್ಟಿಯನ್ನು ಬೇರೆಯವರಿಗೆ ಕೊಡುವುದಿಲ್ಲ. ಬಿರುಕು ಬಿಟ್ಟ ಮೊದಲ ವರ್ಷ ಚರಗ ಚೆಲ್ಲುತ್ತ ಬಂದವಳು ನನ್ನ ಮುಂದೆ ನಿಂತು, ಬಿರುಕಿನ ಮೇಲೆ ಬೆರಳಾಡಿಸಿದಳು.

"ಇದು ಇನ್ನ ಅಳಿಯೂದಿಲ್ಲೇನ ತಂಗಿ?"

"ಇಲ್ರಿ ಆಯಿ. ಅದರ ಕೆಲಸಾ ಮುಗೀತು."

ದಾನವ್ವ ತಟ್ಟೆ ಎತ್ತಿದಳು. ಬುಟ್ಟಿಗೆ ಕೈ ಹಾಕಿ ಸಜ್ಜೆ ಕಡಬಿನ ಒಂದು ಚೂರು ತೆಗೆದಳು. ಕಸ್ತೂರಿಯ ಕಡೆ ತಿರುಗಿ ನೋಡಿದಳು. ಈ ಸಲ ಕಸ್ತೂರಿ ಓಡಿ ಬರಲಿಲ್ಲ, ಬೇಡ ಎನ್ನಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ತಲೆಯಾಡಿಸಿದಳು.

ಎಣ್ಣೆ ಹತ್ತಿದ ಆ ಬೆಚ್ಚಗಿನ ಚೂರು ನನ್ನ ತಳದಲ್ಲಿ ಕುಳಿತಿತು. ನನ್ನೊಳಗೆ ಬಂದು ಹೋದದ್ದನ್ನೆಲ್ಲ ಜೀವನವಿಡೀ ಎಣಿಸಿದವನು ನಾನು. ನನಗಾಗಿ ಎಂದು ಬಂದದ್ದು ಅದೇ ಮೊದಲು. ಸುತ್ತ ಜೋಳ ಉಣ್ಣುತ್ತಿತ್ತು, ಬದುವಿನ ಮೇಲೆ ಜನ ಉಣ್ಣುತ್ತಿದ್ದರು. ಅಂದು ಆ ಹೊಲದಲ್ಲಿ ಉಪವಾಸ ಉಳಿದವರು ಯಾರೂ ಇರಲಿಲ್ಲ.